ಎಮ್ಮೆಗೆ ಬರೆ ಹಾಕುವ ನಿಯಮಗಳು

ಶಿವಮೊಗ್ಗದ ರಾಗಿಗುಡ್ಡದಂಥ ಒತ್ತೊತ್ತಾದ ಬಡಾವಣೆಯಲ್ಲಿ ಗಲ್ಲಿ ಕ್ರಿಕೆಟ್ಟಿಗೆ ಅಂತ ಬೇರೆ ಮೈದಾನ ಇರುವುದಿಲ್ಲ. ಎದುರುಬದುರು ಮನೆಗಳ ನಡುವೆ ಉಳಿದ ರಸ್ತೆಯೇ ಪಿಚ್ಚು. ಒಂದು ಕಡೆ ಚರಂಡಿ, ಇನ್ನೊಂದು ಕಡೆ ನಿಲ್ಲಿಸಿಟ್ಟ ಬೈಕುಗಳು. ಅಲ್ಲಿ ಆಡುವ ಹುಡುಗರ ಹತ್ತಿರ ನಿಯಮ ಏನೆಂದು ಕೇಳಿದರೆ ಉಸಿರು ಬಿಡದೆ ಒಪ್ಪಿಸುತ್ತಾರೆ. ಚೆಂಡು ನೇರವಾಗಿ ಯಾರದಾದರೂ ಕಾಂಪೌಂಡಿನೊಳಗೆ ಬಿದ್ದರೆ ಸಿಕ್ಸರ್ ಅಲ್ಲ, ಔಟು. ಒಂದು ಪಿಚ್ ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟು. ಎಲ್‌ಬಿಡಬ್ಲ್ಯು ಇಲ್ಲ. ಹೊಡೆದವನೇ ಹೋಗಿ ಚೆಂಡು ತರಬೇಕು. ಕೊನೆಗೆ ಒಬ್ಬನೇ ಉಳಿದರೂ ಬ್ಯಾಟಿಂಗ್ ಉಂಟು.

ಕ್ರಿಕೆಟ್ಟಿನ ಕಾನೂನುಗಳನ್ನು 1788ರಿಂದ ಕಾಯ್ದುಕೊಂಡು ಬಂದಿರುವ ಲಂಡನ್ನಿನ ಎಂಸಿಸಿ ಇವುಗಳಲ್ಲಿ ಒಂದನ್ನೂ ಒಪ್ಪಲಾರದು. ಆದರೆ ಆ ಗಲ್ಲಿಗೆ ಎಂಸಿಸಿಯ ಕಾನೂನಿಗಿಂತ ಇವೇ ಲಾಯಕ್ಕು. ಕಾಂಪೌಂಡು ದಾಟಿದರೆ ಔಟು ಅನ್ನುವುದರ ಹಿಂದೆ ಕಿಟಕಿ ಗಾಜಿದೆ, ಚೆಂಡು ವಾಪಸು ಕೊಡದ ಅಜ್ಜಿಯಿದ್ದಾರೆ. ಎಲ್‌ಬಿಡಬ್ಲ್ಯು ಇಲ್ಲ, ಯಾಕೆಂದರೆ ಅಂಪೈರ್ ಇಲ್ಲ. ಇದ್ದರೂ ಅವನು ಬ್ಯಾಟಿಂಗ್ ತಂಡದವನೇ. ಒಂದು ಪಿಚ್ ಕ್ಯಾಚು ಬಂದದ್ದು ಫೀಲ್ಡಿಂಗಿಗೆ ಜನ ಸಾಲದೆ ಇರುವುದರಿಂದ. ಜಾಗ, ಜನ, ನೆರೆಹೊರೆ ಮೂರನ್ನೂ ಅಳೆದು ಮಾಡಿದ ನಿಯಮಗಳು ಇವು. ಇವುಗಳ ಭಾರ ಬ್ಯಾಟು ಹಿಡಿದ ಎಲ್ಲರ ಮೇಲೂ ಸರದಿಯಲ್ಲಿ ಒಂದೇ ಸಮನಾಗಿ ಬೀಳುತ್ತದೆ.

ಅದೇ ಗಲ್ಲಿಯಲ್ಲಿ ಇನ್ನೊಂದು ನಿಯಮವೂ ಇರುತ್ತದೆ: ಬ್ಯಾಟು ಯಾರದೋ ಅವನಿಗೆ ಮೊದಲನೇ ಎಸೆತ ಟ್ರಯಲ್ ಬಾಲ್, ಔಟಾದರೂ ಲೆಕ್ಕಕ್ಕಿಲ್ಲ. ಆಡುವವರೇ ಮಾಡಿಕೊಂಡ ಇಂಥ ನಿಯಮಗಳೇ ಮನೆ ರೂಲ್ಸು, ಇದೂ ಅದರಲ್ಲೊಂದು. ಒಪ್ಪದಿದ್ದರೆ ಅವನು ಬ್ಯಾಟು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೋಗುತ್ತಾನೆ. ಹಾಗಾಗಿ ಎಲ್ಲರೂ ಒಪ್ಪುತ್ತಾರೆ. ಮೊದಲಿನ ಐದಕ್ಕೂ ಈ ಆರನೆಯದಕ್ಕೂ ಇರುವ ವ್ಯತ್ಯಾಸವನ್ನು ಸರಿಯಾಗಿ ಹಿಡಿಯುವುದು ಈ ಲೇಖನದ ಉದ್ದೇಶ. ನಿಯಮ ಬದಲಾಯಿಸಿದ್ದರಿಂದ ಆಟ ಕೆಡುವುದಿಲ್ಲ. ಬದಲಾಯಿಸಿದವರು ಒಬ್ಬರು, ಅದರ ಬೆಲೆ ತೆರುವವರು ಇನ್ನೊಬ್ಬರು ಆದಾಗ ಕೆಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ನಿಯಮವೇ ಕೆಟ್ಟ ಮನೆ ರೂಲ್ಸು. ಅದನ್ನು ಗುರುತಿಸುವುದು ಅಷ್ಟು ಸುಲಭವಲ್ಲ. ಯಾಕೆಂದರೆ ಬಹುಪಾಲು ಇಂಥ ನಿಯಮಗಳು ಸ್ವಾರ್ಥದಿಂದಲ್ಲ, ಒಳ್ಳೆಯ ಉದ್ದೇಶದಿಂದಲೇ ಹುಟ್ಟುತ್ತವೆ.

ನಮ್ಮ ಆಟಗಳೇನೂ ಕಾನೂನು ಪುಸ್ತಕ ಹಿಡಿದುಕೊಂಡು ಬಂದವಲ್ಲ. ಚೌಕಾಬಾರ, ಅಳಗುಳಿಮಣೆ, ಪಗಡೆ, ಹುಲಿ-ಕುರಿ ಆಟಗಳು ಅಜ್ಜಿಯಿಂದ ಮೊಮ್ಮಗಳಿಗೆ, ಮದುವೆ ಮನೆಯಿಂದ ಮದುವೆ ಮನೆಗೆ ಕೈಯಿಂದ ಕೈಗೆ ದಾಟಿದವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂಥ ಆಟದ ಹುಚ್ಚಿನ ದೊರೆ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟದ್ದು ನಿಜ. ಆದರೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕವಡೆ ಚೆಲ್ಲುವವರು ಅದನ್ನು ತೆಗೆದು ನೋಡುತ್ತಾರೆಯೇ? "ನಮ್ಮನೇಲಿ ಹಿಂಗೇ ಆಡೋದು" ಅನ್ನುವ ಮಾತೇ ಅಲ್ಲಿ ಕಾನೂನು. ಹೊಸದಾಗಿ ಬಂದ ಸೊಸೆ ತವರಿನ ನಿಯಮ ಹೇಳಿದರೆ ಅರ್ಧ ತಾಸು ವಾದ ಆಗುತ್ತದೆ. ಕೊನೆಗೆ ಮನೆಯ ಹಿರಿಯರ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ. ಆದ್ದರಿಂದ ಮನೆ ನಿಯಮ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಅದಿಲ್ಲದೆ ನಮ್ಮ ಆಟಗಳೇ ಇಲ್ಲ.

ಚೌಕಾಬಾರವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಐದು ಸಾಲು, ಐದು ಅಂಕಣ, ಒಟ್ಟು 25 ಮನೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆಗಳಲ್ಲಿ ಎಷ್ಟು ಅಂಗಾತ ಬಿದ್ದವೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಚೌಕ ಅಥವಾ ಬಾರ ಬಿದ್ದವರಿಗೆ ಇನ್ನೊಂದು ಗರ. ಹೊರಗಿನ 16 ಮನೆ ಸುತ್ತಿ, ಒಳಗಿನ 8 ಮನೆ ಸುತ್ತಿ, ನಡುಮನೆ ಸೇರಿದ ಕಾಯಿ ಹಣ್ಣು. ಇಷ್ಟು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಇದರಾಚೆಗೆ ಮನೆಗೊಂದು ಪದ್ಧತಿ.

ಹಲವು ಮನೆಗಳಲ್ಲಿ ಇರುವ ಒಂದು ನಿಯಮ: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಕೇಳುವುದಕ್ಕೆ ಕಠಿಣ ಅನ್ನಿಸುತ್ತದೆ. ಆದರೆ ಇದು ಇಲ್ಲದಿದ್ದರೆ ಆಟ ಏನಾಗುತ್ತದೆ ಎಂದು ಯೋಚಿಸಿ. ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು, ಯಾರೂ ಕಡಿಯಲಾಗದ ಮನೆಗಳಾದ ಕಟ್ಟೆಯಿಂದ ಕಟ್ಟೆಗೆ ಜಾರಿಕೊಂಡು, ಯಾರ ತಂಟೆಗೂ ಹೋಗದೆ, ನಡುಮನೆ ಸೇರಿಬಿಡಬಹುದು. ಆಗ ಉಳಿಯುವುದು ಕವಡೆಯ ಅದೃಷ್ಟ ಮಾತ್ರ. ಕಡಿಯಲೇಬೇಕು ಎಂದಾಗ ಕಟ್ಟೆ ಬಿಟ್ಟು ಹೊರಬರಬೇಕು, ತಾನೂ ಕಡಿಸಿಕೊಳ್ಳುವ ಅಪಾಯಕ್ಕೆ ತಲೆ ಒಡ್ಡಬೇಕು, ಯಾರ ಹಿಂದೆ ಎಷ್ಟು ಮನೆ ಬಿಟ್ಟು ನಿಲ್ಲಬೇಕು ಎಂದು ಲೆಕ್ಕ ಹಾಕಬೇಕು. ನಿಯಮ ಬಿಗಿಯಾಯಿತು, ಆಡುವವರಿಗೆ ಮಾಡುವ ಕೆಲಸ ಹೆಚ್ಚಾಯಿತು. ಎಲ್ಲರಿಗೂ ಹೆಚ್ಚಾಯಿತು.

ಇನ್ನು ಕೆಲವು ಮನೆಗಳ ಪದ್ಧತಿ ಬೇರೆ: ಚೌಕವೋ ಬಾರವೋ ಬಿದ್ದರೆ ಮಾತ್ರ ಕಾಯಿ ಹುಟ್ಟುತ್ತದೆ, ಅಲ್ಲಿಯ ತನಕ ಆಟಕ್ಕೆ ಇಳಿಯುವಂತಿಲ್ಲ. ಇದೂ ಕಠಿಣ ನಿಯಮವೇ, ಗಾಂಭೀರ್ಯಕ್ಕಾಗಿಯೇ ಮಾಡಿದ್ದು. ಲೆಕ್ಕ ಹಾಕಿ. ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮ ಎಂದಿಟ್ಟುಕೊಂಡರೆ ನಾಲ್ಕು ಕವಡೆ ಬೀಳಬಹುದಾದ ಬಗೆ 16. ಅದರಲ್ಲಿ ಚೌಕ ಒಂದು, ಬಾರ ಒಂದು. ಅಂದರೆ ಎಂಟರಲ್ಲಿ ಒಂದು ಪಾಲು. ಎಂಟು ಸರದಿ ಮುಗಿದ ಮೇಲೂ ಒಬ್ಬರ ಒಂದು ಕಾಯಿಯೂ ಹುಟ್ಟದೆ ಇರುವ ಸಾಧ್ಯತೆ ನೂರಕ್ಕೆ 34. ನಾಲ್ವರು ಕೂತ ಆಟದಲ್ಲಿ ಎಂಟು ಸುತ್ತಾದ ಮೇಲೂ ಕನಿಷ್ಠ ಒಬ್ಬರು ಬರಿಗೈಯಲ್ಲಿ ಕೂತಿರುವ ಸಾಧ್ಯತೆ ನೂರಕ್ಕೆ 80ಕ್ಕೂ ಹೆಚ್ಚು. ಹಾಗೆ ಕೂತವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಕವಡೆ ಚೆಲ್ಲುತ್ತಾರೆ, ಪಕ್ಕದವರಿಗೆ ದಾಟಿಸುತ್ತಾರೆ, ಫೋನ್ ನೋಡುತ್ತಾರೆ. ಅವರಿಗೆ ಯೋಚಿಸುವುದಕ್ಕೆ ಏನೂ ಇಲ್ಲ. ಕಡಿಯಲೇಬೇಕು ಎಂಬ ನಿಯಮ ಆಟಗಾರನಿಗೆ ಕೆಲಸ ಕೊಟ್ಟಿತು, ಈ ನಿಯಮ ಆಟಗಾರನನ್ನು ಬಾಗಿಲ ಹೊರಗೆ ನಿಲ್ಲಿಸಿತು. ಎರಡೂ ಕಠಿಣವೇ. ಆದರೆ ಮೊದಲನೆಯದರ ಕಷ್ಟವನ್ನು ಜಾಣತನದಿಂದ ದಾಟಬಹುದು, ಎರಡನೆಯದನ್ನು ದಾಟಲು ಯಾವ ಜಾಣತನವೂ ಉಪಯೋಗಕ್ಕೆ ಬರುವುದಿಲ್ಲ.

ಇದನ್ನು ಹೇಳಿದರೆ ಆ ಮನೆಯವರು ಒಪ್ಪುವುದಿಲ್ಲ. ಅವರ ನೆನಪಿನಲ್ಲಿ ಇರುವುದು ಬಹಳ ಹೊತ್ತು ಕಾಯಿ ಹುಟ್ಟದೆ ಕೂತಿದ್ದ ಚಿಕ್ಕಮ್ಮ ಒಮ್ಮೆ ಸಾಲಾಗಿ ಚೌಕ-ಬಾರ ಹಾಕಿ ಎಲ್ಲರನ್ನೂ ಕಡಿದು ಗೆದ್ದ ಆ ಒಂದು ಮಧ್ಯಾಹ್ನ. ಸುಮ್ಮನೆ ಕೂತು ಬೇಸತ್ತು ಎದ್ದುಹೋದ ಇನ್ನೆಷ್ಟೋ ಮಧ್ಯಾಹ್ನಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಕೆಟ್ಟ ನಿಯಮಗಳು ಬಾಳುವುದೇ ಹೀಗೆ. ಯಾವುದೋ ಒಂದು ಪ್ರಸಂಗ ತುಂಬಾ ರುಚಿಸಿರುತ್ತದೆ ಅಥವಾ ತುಂಬಾ ಚುಚ್ಚಿರುತ್ತದೆ. ಅದು ಮತ್ತೆ ಮತ್ತೆ ಆಗಲಿ ಎಂದೋ, ಇನ್ನೆಂದೂ ಆಗದಿರಲಿ ಎಂದೋ ನಿಯಮ ಮಾಡುತ್ತೇವೆ. ಆ ಪ್ರಸಂಗ ನಡೆದದ್ದು ಒಮ್ಮೆ, ನಿಯಮ ಕೆಲಸ ಮಾಡುವುದು ಪ್ರತಿ ಸಲ.

ಈ ಮಾತಿಗೆ ಅತ್ಯುತ್ತಮ ಉದಾಹರಣೆ ಸಿಗುವುದು ದೂರದ ಒಂದು ಆಟದಲ್ಲಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಮೂರು ಪುಸ್ತಿಕೆಗಳ ಒಂದು ಪೆಟ್ಟಿಗೆ ಹೊರಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಆ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಇಂದು ಬೆಂಗಳೂರಿನಲ್ಲೂ ವಾರಾಂತ್ಯಗಳಲ್ಲಿ ಮೇಜಿನ ಸುತ್ತ ಕೂತು ಇದನ್ನು ಆಡುವ ಗುಂಪುಗಳಿವೆ. ಮಲೆನಾಡಿನವರಿಗೆ ಇದನ್ನು ವಿವರಿಸಲು ತಾಳಮದ್ದಳೆಯ ದಾರಿ ಹತ್ತಿರ. ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ಬೆಳೆಸುತ್ತಾರೆ. ಭಾಗವತರ ಜಾಗದಲ್ಲಿ ಇರುವವರು ಡಂಜನ್ ಮಾಸ್ಟರ್. ಆದರೆ ತಾಳಮದ್ದಳೆಯಲ್ಲಿ ಕರ್ಣ ಸಾಯುವುದು ಪ್ರಸಂಗದಲ್ಲೇ ಬರೆದಾಗಿದೆ. ಇಲ್ಲಿ ಕತ್ತಿ ತಗುಲಿತೋ ಇಲ್ಲವೋ ಎಂಬುದನ್ನು 20 ಮುಖದ ದಾಳ ತೀರ್ಮಾನಿಸುತ್ತದೆ. ದಾಳದ ಸಂಖ್ಯೆಗೆ ಪಾತ್ರದ ಕೌಶಲವನ್ನು ಕೂಡಿ, ಎದುರಾಳಿಯ ರಕ್ಷಣೆಯ ಸಂಖ್ಯೆಯನ್ನು ಮುಟ್ಟಿದರೆ ಏಟು ಬಿತ್ತು. 20 ಬಿದ್ದರೆ ಖಂಡಿತ ಏಟು, ಅದೂ ಜೋರಿನದು. 1 ಬಿದ್ದರೆ ಖಂಡಿತ ತಪ್ಪಿತು. ಪುಸ್ತಕದ ಪ್ರಕಾರ ಅಷ್ಟೇ, ತಪ್ಪಿತು, ಮುಂದಿನವರ ಸರದಿ.

ಬಹಳ ಗುಂಪುಗಳಿಗೆ ಇದು ಸಪ್ಪೆ ಅನ್ನಿಸುತ್ತದೆ. 20ಕ್ಕೆ ಅಷ್ಟು ದೊಡ್ಡ ಬಹುಮಾನ ಇರುವಾಗ 1ಕ್ಕೆ ತಕ್ಕ ಶಿಕ್ಷೆ ಬೇಡವೇ? ಹಾಗಾಗಿ ಮನೆ ರೂಲ್ಸು ಬರುತ್ತದೆ: 1 ಬಿದ್ದರೆ ಕತ್ತಿ ಕೈಜಾರಿ ಬೀಳುತ್ತದೆ, ಬಿಲ್ಲಿನ ಹೆದೆ ಹರಿಯುತ್ತದೆ, ಬಾಣ ಪಕ್ಕದ ಗೆಳೆಯನಿಗೇ ನಾಟುತ್ತದೆ. ಮೊದಲ ಸಲ ಆದಾಗ ಮೇಜಿನ ಸುತ್ತ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ.

ಈಗ ಲೆಕ್ಕಕ್ಕೆ ಬನ್ನಿ. ಒಂದು ಎಸೆತದಲ್ಲಿ 1 ಬೀಳುವುದು ಇಪ್ಪತ್ತರಲ್ಲಿ ಒಂದು ಸಲ. ಈ ಆಟದ 2014ರ ಐದನೇ ಆವೃತ್ತಿಯಲ್ಲಿ ಯೋಧನ ಪಾತ್ರ ಪಳಗಿದಷ್ಟೂ ಒಂದು ಸರದಿಯಲ್ಲಿ ಹೆಚ್ಚು ಏಟು ಹೊಡೆಯುತ್ತದೆ. ಮೊದಲನೇ ಹಂತದ ಹೊಸಬನಿಗೆ ಒಂದು, ಐದನೇ ಹಂತಕ್ಕೆ ಎರಡು, ಹನ್ನೊಂದಕ್ಕೆ ಮೂರು, ಇಪ್ಪತ್ತನೇ ಹಂತದ ಮಹಾವೀರನಿಗೆ ನಾಲ್ಕು. ಕಾಳಗ ಐದು ಸುತ್ತು ನಡೆಯಿತು ಎಂದುಕೊಳ್ಳಿ. ಹೊಸಬ ಐದು ಸಲ ದಾಳ ಹಾಕುತ್ತಾನೆ. ಅವನ ಕತ್ತಿ ಒಮ್ಮೆಯಾದರೂ ಜಾರುವ ಸಾಧ್ಯತೆ ನೂರಕ್ಕೆ 23. ಮಹಾವೀರ ಇಪ್ಪತ್ತು ಸಲ ದಾಳ ಹಾಕುತ್ತಾನೆ. ಅವನ ಕತ್ತಿ ಜಾರುವ ಸಾಧ್ಯತೆ ನೂರಕ್ಕೆ 64. ಅಭ್ಯಾಸ ಹೆಚ್ಚಿದಷ್ಟೂ ಕೈಯಿಂದ ಕತ್ತಿ ಬೀಳುವುದು ಹೆಚ್ಚಾಯಿತು! ಇತ್ತ ಅದೇ ಮೇಜಿನಲ್ಲಿ ಕೂತ ಮಾಂತ್ರಿಕನ ಪಾತ್ರ ಬೆಂಕಿಯ ಉಂಡೆ ಎಸೆದರೆ ತಗುಲಿತೋ ಇಲ್ಲವೋ ಎಂದು ಅವನು ದಾಳವನ್ನೇ ಹಾಕಬೇಕಿಲ್ಲ. ತಪ್ಪಿಸಿಕೊಳ್ಳಲು ದಾಳ ಹಾಕಬೇಕಾದವರು ಎದುರಾಳಿಗಳು. ಅವನ ಆ ಮಂತ್ರ ಎಂದೂ ಕೈಜಾರುವುದಿಲ್ಲ.

ಇಲ್ಲಿ ಯಾರಿಗೂ ದ್ವೇಷವಿಲ್ಲ. ನಿಯಮ ಎಲ್ಲರಿಗೂ ಒಂದೇ ಎಂದು ಬರೆದಿದೆ. ಆದರೂ ಅದರ ಬಹುಪಾಲು ಭಾರ ಕತ್ತಿ ಹಿಡಿದವನ ಹೆಗಲ ಮೇಲೆ. ನಿಯಮದ ಮಾತು ಸಮಾನವಾಗಿದೆ ಎಂದ ಮಾತ್ರಕ್ಕೆ ಅದರ ಪೆಟ್ಟು ಸಮಾನವಾಗಿ ಬೀಳುವುದಿಲ್ಲ. ಯಾರು ಎಷ್ಟು ಸಲ ಆ ನಿಯಮದ ದಾರಿಯಲ್ಲಿ ಹಾದುಹೋಗಬೇಕು ಎಂದು ಎಣಿಸಿದಾಗಲೇ ಅನ್ಯಾಯ ಕಾಣುವುದು. ಪುಸ್ತಕ ಬರೆದವರು 1ಕ್ಕೆ ಬರೀ ತಪ್ಪಿತು ಎಂದಷ್ಟೇ ಇಟ್ಟಿದ್ದರ ಫಲ ಏನು ಎಂದು ಯಾರೂ ಕೇಳಲಿಲ್ಲ. ಸಪ್ಪೆಯಾಗಿ ಕಂಡ ಆ ಸಾಲು ಯೋಧನನ್ನು ಕಾಯುತ್ತಿತ್ತು.

ಬಿಗಿ ಮಾಡುವ ನಿಯಮಗಳ ಕಥೆ ಇದಾಯಿತು. ಮೃದು ಮಾಡುವ ನಿಯಮಗಳೂ ಇಷ್ಟೇ ತೊಂದರೆ ಕೊಡಬಲ್ಲವು. ನಮ್ಮ ಮನೆಗಳಲ್ಲಿ ಬಿಸಿನೆಸ್ ಎಂಬ ಹೆಸರಿನಲ್ಲಿ ಆಡುವ ಆಟದ ಮೂಲ ಮೊನಾಪಲಿ. ಅದರ ಹಿಂದೆ ಇರುವುದು ಲಿಝಿ ಮ್ಯಾಗಿ ಎಂಬ ಮಹಿಳೆ 1904ರಲ್ಲಿ ಪೇಟೆಂಟ್ ಪಡೆದ ಇನ್ನೊಂದು ಆಟ. ಭೂಮಿಯ ಒಡೆತನ ಕೆಲವರ ಕೈಸೇರಿದರೆ ಉಳಿದವರು ಹೇಗೆ ದಿವಾಳಿಯಾಗುತ್ತಾರೆ ಎಂದು ತೋರಿಸುವುದು ಆಕೆಯ ಉದ್ದೇಶವಾಗಿತ್ತು. ಮೊನಾಪಲಿಯ ನಿಯಮದಂತೆ ದಂಡ, ತೆರಿಗೆಯೆಲ್ಲ ಬ್ಯಾಂಕಿಗೆ ಹೋಗಬೇಕು. ಆದರೆ ಲೋಕದ ಎಷ್ಟೋ ಮನೆಗಳಲ್ಲಿ ಆ ಹಣವನ್ನು ಹಲಗೆಯ ನಡುವೆ ಗುಡ್ಡೆ ಹಾಕಿ, ಫ್ರೀ ಪಾರ್ಕಿಂಗ್ ಮನೆಗೆ ಬಂದವರಿಗೆ ಕೊಟ್ಟುಬಿಡುತ್ತಾರೆ. ಸೋಲುತ್ತಿರುವವರಿಗೆ ಪಾಪ, ಒಂದು ಆಸರೆ. ಫಲವೇನು? ಆಟದಿಂದ ಹೊರಹೋಗಬೇಕಿದ್ದ ಹಣ ಒಳಗೇ ಸುತ್ತುತ್ತದೆ, ಯಾರೂ ಬೇಗ ದಿವಾಳಿಯಾಗುವುದಿಲ್ಲ, ಊಟದ ಹೊತ್ತಿಗೆ ಮುಗಿಯಬೇಕಿದ್ದ ಆಟ ಮಲಗುವ ಹೊತ್ತಾದರೂ ಮುಗಿಯುವುದಿಲ್ಲ. ಆಮೇಲೆ ಎಲ್ಲರೂ ಸೇರಿ ಈ ಆಟವೇ ಬೋರು ಎಂದು ಬೈಯುತ್ತಾರೆ. ಸೋಲುವವರ ಮೇಲಿನ ಕರುಣೆ, ಸೋಲುವವರನ್ನೇ ಇನ್ನೆರಡು ತಾಸು ಸೋಲುತ್ತಾ ಕೂರಿಸುತ್ತದೆ.

ಹಾಗಾದರೆ ಆಟದಲ್ಲಿ ಕರುಣೆಗೆ ಜಾಗವಿಲ್ಲವೇ? ಇದೆ, ಅದಕ್ಕೆ ನಮ್ಮ ಮಕ್ಕಳೇ ಒಂದು ಒಳ್ಳೆಯ ಏರ್ಪಾಡು ಮಾಡಿದ್ದಾರೆ. ಅಣ್ಣನ ಬೆನ್ನು ಬಿಡದೆ ಬಂದ ಪುಟ್ಟ ತಂಗಿ ತಾನೂ ಆಡುತ್ತೇನೆ ಎಂದು ಹಟ ಹಿಡಿದರೆ ಅವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವಳು ಓಡಬಹುದು, ಅವಳನ್ನು ಮುಟ್ಟಬಹುದು, ಆದರೆ ಅವಳು ಔಟಾಗುವುದಿಲ್ಲ, ಯಾರನ್ನೂ ಔಟು ಮಾಡುವುದೂ ಇಲ್ಲ. ಈ ನಿಯಮದ ಸೊಗಸು ಇರುವುದು ಅದರ ಮಿತಿಯಲ್ಲಿ. ಯಾರಿಗೆ ಎಂಬುದು ಎಲ್ಲರಿಗೂ ಗೊತ್ತು, ಅವಳ ಕಡೆಯಿಂದ ಯಾರಿಗೂ ನಷ್ಟವಿಲ್ಲ, ಸ್ವಲ್ಪ ದೊಡ್ಡವಳಾದ ದಿನ ಆ ರಿಯಾಯಿತಿ ತಾನಾಗಿ ಮುಗಿಯುತ್ತದೆ. ಅಷ್ಟೇ ಅಲ್ಲ, ಒಂದು ದಿನ ಅವಳೇ ಕಾಲು ನೆಲಕ್ಕೆ ಬಡಿದು "ನನ್ನನ್ನೂ ಲೆಕ್ಕಕ್ಕೆ ತಗೊಳ್ಳಿ" ಅನ್ನುತ್ತಾಳೆ. ಔಟಾಗುವ ಹಕ್ಕಿಗಾಗಿ ಮಗು ಜಗಳ ಆಡುತ್ತದೆ!

ಡಂಜನ್ ಮಾಸ್ಟರುಗಳಲ್ಲಿ ಕೆಲವರು ಇದನ್ನು ಮರೆಯುತ್ತಾರೆ. ಅವರು ತಮ್ಮ ದಾಳವನ್ನು ಒಂದು ಅಡ್ಡಹಲಗೆಯ ಹಿಂದೆ ಹಾಕುತ್ತಾರೆ. ನೆಚ್ಚಿನ ಪಾತ್ರ ಸಾಯುವಂಥ ಸಂಖ್ಯೆ ಬಿದ್ದರೆ ಸದ್ದಿಲ್ಲದೆ ಬೇರೆ ಸಂಖ್ಯೆ ಹೇಳಿಬಿಡುತ್ತಾರೆ. ಇದನ್ನು ಅವರು ನಿಯಮ ಎಂದು ಘೋಷಿಸುವುದೂ ಇಲ್ಲ, ಆದರೆ ನಡೆಯುವುದು ನಿಯಮದಂತೆಯೇ: ಇಲ್ಲಿ ಯಾರೂ ಸಾಯುವುದಿಲ್ಲ. ಆಟಗಾರರಿಗೆ ಅನುಮಾನ ಬಂದ ದಿನ ಆ ಮೇಜಿನಲ್ಲಿ ಎಲ್ಲರೂ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಆರು ತಿಂಗಳು ಕಷ್ಟಪಟ್ಟು ಉಳಿಸಿಕೊಂಡ ಪಾತ್ರ ತಮ್ಮ ಜಾಣತನದಿಂದ ಉಳಿಯಿತೋ, ಯಾರದೋ ದಯೆಯಿಂದ ಉಳಿಯಿತೋ ಎಂದು ಹೇಳಲು ಆಗುವುದಿಲ್ಲ. ಸಾವು ಬೇಡವೆನ್ನುವ ಗುಂಪು ಮೊದಲೇ ಹಾಗೆಂದು ಮಾತಾಡಿಕೊಂಡು ಆಡಬಹುದು, ಅದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಆಟಗಾರರಿಗೆ ಗೊತ್ತಿಲ್ಲದೆ ಅವರ ಗೆಲುವಿನ ಬೆಲೆಯನ್ನು ಕಡಿಮೆ ಮಾಡುವುದರಲ್ಲಿ.

ನಿಯಮ ಯಾವಾಗ ಹೇಳಿದರು, ಯಾರು ಹೇಳಿದರು, ಒಪ್ಪದಿರುವ ಅವಕಾಶ ಇತ್ತೇ ಎಂಬ ಪ್ರಶ್ನೆಗಳು ಇಲ್ಲಿಂದ ಹುಟ್ಟುತ್ತವೆ. ಇದಕ್ಕೆ ನಮ್ಮಲ್ಲಿ ಇರುವಷ್ಟು ದೊಡ್ಡ ಕಥೆ ಬೇರೆಲ್ಲೂ ಇಲ್ಲ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಗಮಕ ಕೇಳಿ ಬೆಳೆದವರಿಗೆ ಗದುಗಿನ ಭಾರತದ ಸಭಾಪರ್ವವನ್ನು ಹೊಸದಾಗಿ ಹೇಳಬೇಕಿಲ್ಲ. ಆದರೂ ಜೂಜಿನ ಆ ಸಭೆಯನ್ನು ಒಮ್ಮೆ ಮನೆ ನಿಯಮದ ಕಣ್ಣಿನಿಂದ ನೋಡಿ. ಹಸ್ತಿನಾವತಿಗೆ ಕರೆಸಿಕೊಂಡವರು ಕೌರವರು, ಸಭಾಭವನ ಅವರದು, ದಾಳ ಅವರದು. ಧರ್ಮರಾಯ ಆಟಕ್ಕೆ ಕೂತ ಮೇಲೆ ದುರ್ಯೋಧನ ಹೇಳುತ್ತಾನೆ: ಒತ್ತೆ ಇಡುವವನು ನಾನು, ನನ್ನ ಪರವಾಗಿ ದಾಳ ಹಾಕುವವನು ಶಕುನಿ ಮಾವ. ಒಬ್ಬನಿಗಾಗಿ ಇನ್ನೊಬ್ಬ ಆಡುವುದು ಸರಿಯಲ್ಲ ಎಂದು ಧರ್ಮರಾಯ ಆಕ್ಷೇಪಿಸಿದ್ದನ್ನು ವ್ಯಾಸಭಾರತ ದಾಖಲಿಸಿದೆ. ಆಕ್ಷೇಪಿಸಿದ, ಆಮೇಲೆ ಆಡಿದ. ಬ್ಯಾಟು ಯಾರದೋ ಅವನ ಟ್ರಯಲ್ ಬಾಲಿಗೆ ಗಲ್ಲಿಯ ಹುಡುಗರು ತಲೆಯಾಡಿಸಿದ ಹಾಗೆ.

ನಿಯಮವನ್ನು ಒಪ್ಪಿದ್ದಾನಲ್ಲ, ಇನ್ನೇನು ಎಂದು ಕೇಳುವವರು ಇದ್ದಾರೆ. ಎದ್ದುಹೋಗುವ ದಾರಿ ಇಲ್ಲದವನ ಒಪ್ಪಿಗೆಯನ್ನು ಒಪ್ಪಿಗೆ ಎಂದು ಎಣಿಸಬಹುದೇ? ಕರೆದರೆ ಹಿಂಜರಿಯಬಾರದು ಎಂಬ ಕ್ಷತ್ರಿಯ ಮರ್ಯಾದೆ ಅವನನ್ನು ಕಟ್ಟಿಹಾಕಿತ್ತು. ಆ ನಿಯಮದ ಬೆಲೆಯನ್ನು ಕೊನೆಗೆ ತೆತ್ತದ್ದು ಮಾಡಿದವನೂ ಅಲ್ಲ, ಒಪ್ಪಿದವನೂ ಅಲ್ಲ, ಆ ಸಭೆಯಲ್ಲೇ ಇಲ್ಲದ ದ್ರೌಪದಿ. ಅವಳು ಕೇಳಿ ಕಳಿಸಿದ ಪ್ರಶ್ನೆ ನೇರವಾಗಿ ಆಟದ ನಿಯಮದ ಪ್ರಶ್ನೆ: ಆತ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಒತ್ತೆ ಇಡುವ ಅಧಿಕಾರ ಎಲ್ಲಿಂದ ಬಂತು? ವಿಕರ್ಣನನ್ನೂ ವಿದುರನನ್ನೂ ಬಿಟ್ಟರೆ ಆ ಸಭೆ ತಡವರಿಸಿತು. ಭೀಷ್ಮನಂಥ ಹಿರಿಯನೇ ಧರ್ಮ ಸೂಕ್ಷ್ಮ ಎಂದು ಜಾರಿಕೊಂಡ. ಆಟದ ನಡುವೆ, ಗೆಲ್ಲುತ್ತಿರುವವನ ಮನೆಯಲ್ಲಿ ಕೂತು, ನಿಯಮದ ನ್ಯಾಯ ಹೇಳುವ ಧೈರ್ಯ ಹಿರಿಯರಿಗೂ ಬರುವುದಿಲ್ಲ. ಆದ್ದರಿಂದಲೇ ನಿಯಮದ ಮಾತು ದಾಳ ಬೀಳುವ ಮುಂಚೆ ಮುಗಿದಿರಬೇಕು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಪಾತ್ರಾಭಿನಯದ ಆಟಗಳವರು ಇದನ್ನು ತಮ್ಮ ಅನುಭವದಿಂದಲೇ ಕಲಿತರು. ಮುಂದೆ ರೂಲ್ ಝೀರೊ ಎಂದು ಹೆಸರಾದ ಮಾತು ಅವರಲ್ಲಿ ಮೊದಲಿಂದಲೂ ಇತ್ತು: ಪುಸ್ತಕ ಏನೇ ಹೇಳಲಿ, ಮೇಜಿನ ಯಜಮಾನನ ಮಾತೇ ಕೊನೆ. 1974ರ ಆ ಮೂರನೇ ಪುಸ್ತಿಕೆಯೇ ಮುಗಿಯುವಾಗ ಓದುಗರಿಗೆ, ನಿಮ್ಮ ಕಲ್ಪನೆಯ ಕೆಲಸವನ್ನು ನಾವೇಕೆ ಮಾಡಬೇಕು ಎಂಬ ಧಾಟಿಯಲ್ಲಿ ಬೆನ್ನುತಟ್ಟಿತ್ತು. ಯಜಮಾನನಿಗೆ ಅಷ್ಟು ಅಧಿಕಾರ ಕೊಟ್ಟದ್ದರ ಕಹಿ ಉಂಡ ಮೇಲೆ ಸೆಷನ್ ಝೀರೊ ಎಂಬ ಪದ್ಧತಿ ಬೆಳೆಯಿತು. ಆಟ ಶುರುವಾಗುವ ಮುನ್ನ ಒಂದು ದಿನ ಎಲ್ಲರೂ ಕೂತು ಯಾವ ನಿಯಮ ಬದಲಾಗಿದೆ, ಪಾತ್ರ ಸಾಯಬಹುದೇ, ಯಾವ ವಿಷಯ ಮೇಜಿಗೆ ಬರಬಾರದು ಎಂದು ಮಾತಾಡಿಕೊಳ್ಳುತ್ತಾರೆ. ಒಪ್ಪದವರು ಆಗಲೇ ನಮಸ್ಕಾರ ಹೇಳಿ ಎದ್ದುಹೋಗಬಹುದು.

ಇಷ್ಟೆಲ್ಲ ತಾಪತ್ರಯ ಯಾಕೆ, ಪುಸ್ತಕದಲ್ಲಿ ಇದ್ದ ಹಾಗೆ ಆಡಿದರಾಯಿತಲ್ಲ ಎಂಬುದು ಒಂದು ವಾದ. ಈ ವಾದಕ್ಕೆ ತೂಕವಿದೆ. ಪುಸ್ತಕದ ನಿಯಮವನ್ನು ನೂರಾರು ಜನ ಆಡಿ ಪರೀಕ್ಷಿಸಿರುತ್ತಾರೆ, ನಮ್ಮ ಮನೆ ನಿಯಮವನ್ನು ಪರೀಕ್ಷಿಸಿದವರು ನಾವು ನಾಲ್ವರೇ. ಆದರೆ ಪುಸ್ತಕ ಬರೆಯುವವರೂ ಇದೇ ತಪ್ಪು ಮಾಡುತ್ತಾರೆ. 1992ರ ವಿಶ್ವಕಪ್ಪಿನ ಸೆಮಿಫೈನಲನ್ನು ಕಂಡ ಯಾರೂ ಅದನ್ನು ಮರೆತಿಲ್ಲ. ಮಳೆ ಬಂದರೆ ಸರಾಸರಿ ರನ್ನಿನ ಲೆಕ್ಕದಲ್ಲಿ ಗುರಿ ಇಳಿಸುವ ಹಳೆಯ ಪದ್ಧತಿ ಎರಡನೆಯದಾಗಿ ಆಡುವ ತಂಡಕ್ಕೆ ಅನುಕೂಲ ಎಂದು, ಮೊದಲು ಆಡಿದವರ ಅತಿ ಕಡಿಮೆ ರನ್ನಿನ ಓವರುಗಳನ್ನು ಕಳೆಯುವ ಹೊಸ ನಿಯಮ ತಂದಿದ್ದರು. ಮಾರ್ಚ್ 22ರಂದು ಸಿಡ್ನಿಯಲ್ಲಿ ದಕ್ಷಿಣ ಆಫ್ರಿಕಾಕ್ಕೆ 13 ಎಸೆತಗಳಲ್ಲಿ 22 ರನ್ ಬೇಕಿತ್ತು. ಒಂದು ಸಣ್ಣ ಮಳೆ ಬಂದು ನಿಂತ ಮೇಲೆ ಒಂದು ಎಸೆತಕ್ಕೆ 21 ರನ್ ಬೇಕಾಯಿತು. ಹಳೆಯ ಅನ್ಯಾಯವನ್ನು ಸರಿಪಡಿಸಲು ಹೊರಟವರು ಅದನ್ನು ಎತ್ತಿ ಇನ್ನೊಬ್ಬರ ತಲೆಯ ಮೇಲಿಟ್ಟಿದ್ದರು. ಉಳಿದ ಓವರನ್ನೂ ಉಳಿದ ವಿಕೆಟನ್ನೂ ಒಟ್ಟಿಗೆ ತೂಗುವ ಡಕ್‌ವರ್ತ್-ಲೂಯಿಸ್ ಪದ್ಧತಿ ಬಳಕೆಗೆ ಬಂದದ್ದು 1997ರಲ್ಲಿ. ಅಚ್ಚಾದ ನಿಯಮವೂ ಯಾರದೋ ಮನೆ ನಿಯಮವೇ, ಮನೆ ದೊಡ್ಡದು ಅಷ್ಟೆ.

ಇನ್ನೊಂದು ವಾದ: ಆಟ ತಾನೇ, ನಾಲ್ಕು ಜನ ನಕ್ಕರೆ ಸಾಕು, ಇಷ್ಟು ಲೆಕ್ಕಾಚಾರ ಯಾಕೆ? ನಾಲ್ವರೂ ನಗುತ್ತಿದ್ದರೆ ನನ್ನದೂ ತಕರಾರಿಲ್ಲ. ಸಾಮಾನ್ಯವಾಗಿ ಮೂವರು ನಗುತ್ತಾರೆ, ನಾಲ್ಕನೆಯವರು ಮುಂದಿನ ವಾರ ಏನೋ ಕೆಲಸ ಇದೆ ಅನ್ನುತ್ತಾರೆ. ಕತ್ತಿ ಜಾರಿಸಿಕೊಂಡ ಯೋಧ, ಕಾಯಿ ಹುಟ್ಟದೆ ಬೇಸತ್ತವರು, ದಿವಾಳಿಯಾಗಲೂ ಆಗದ ತಮ್ಮ, ಇವರು ಯಾರೂ ನಿಯಮ ಸರಿಯಿಲ್ಲ ಎಂದು ಜಗಳ ತೆಗೆಯುವುದಿಲ್ಲ. ಸುಮ್ಮನೆ ಬರುವುದು ನಿಲ್ಲಿಸುತ್ತಾರೆ. ಕೆಟ್ಟ ನಿಯಮದ ವಿರುದ್ಧದ ದೂರು ಅನೇಕ ಸಲ ಹೀಗೆ ಖಾಲಿ ಜಾಗದ ರೂಪದಲ್ಲೇ ಬರುತ್ತದೆ.

ನಿಯಮವನ್ನು ಮುರಿಯಲೇಬೇಕು ಅನ್ನಿಸುವ ಗಳಿಗೆಗಳೂ ಬರುತ್ತವೆ. ಆಗ ಏನು ಮಾಡಬೇಕು ಎಂಬುದಕ್ಕೆ ಶಿವಮೊಗ್ಗ ಜಿಲ್ಲೆಯವರು ದೂರ ಹೋಗಬೇಕಿಲ್ಲ. 1949ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1980ರ ಫೆಬ್ರುವರಿಯಲ್ಲಿ ಮುಂಬೈನ ವಾಂಖೆಡೆ ಮೈದಾನದಲ್ಲಿ ಭಾರತದ ನಾಯಕ. ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್, ಎದುರಾಳಿ ಇಂಗ್ಲೆಂಡ್. ಅವರ ಐದು ವಿಕೆಟ್ ಬಿದ್ದು ಕಷ್ಟದಲ್ಲಿದ್ದಾಗ ಬ್ಯಾಟ್ಸ್‌ಮನ್ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಗುಲಿಲ್ಲ ಎಂದು ಖಾತ್ರಿಯಾದ ವಿಶ್ವನಾಥ್ ಮನವಿ ಹಿಂತೆಗೆದುಕೊಂಡು ಟೇಲರ್‌ರನ್ನು ವಾಪಸು ಕರೆದರು. ಟೇಲರ್ ಮತ್ತು ಇಯಾನ್ ಬಾಥಮ್ 171 ರನ್ನಿನ ಜೊತೆಯಾಟ ಆಡಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

ಇಲ್ಲಿ ವಿಶ್ವನಾಥ್ ಹೊಸ ನಿಯಮ ಮಾಡಲಿಲ್ಲ. ಮನವಿ ಹಿಂತೆಗೆದುಕೊಳ್ಳಲು ನಾಯಕನಿಗೆ ಕಾನೂನಿನಲ್ಲೇ ಇದ್ದ ಅವಕಾಶ ಬಳಸಿಕೊಂಡರು. ಆ ಸಲಕ್ಕೆ ಮಾತ್ರ ಬಳಸಿಕೊಂಡರು, ಮತ್ತು ಅದರ ನಷ್ಟವನ್ನು ತಮ್ಮ ಕಡೆಯ ಲೆಕ್ಕಕ್ಕೆ ಬರೆದುಕೊಂಡರು. ಅನುಮಾನ ಬಂದಾಗಲೆಲ್ಲ ನಾಯಕ ಬ್ಯಾಟ್ಸ್‌ಮನ್ನನ್ನು ವಾಪಸು ಕರೆಯಲೇಬೇಕು ಎಂದು ಇದನ್ನೇ ನಿಯಮ ಮಾಡಿದ್ದರೆ ಏನಾಗುತ್ತಿತ್ತು? ಔಟಾದ ಪ್ರತಿಯೊಬ್ಬನೂ ಕ್ರೀಸಿನಲ್ಲಿ ನಿಂತು ನಾಯಕನ ಮುಖ ನೋಡುತ್ತಿದ್ದ. ಕರೆಯದ ನಾಯಕ ನೀಚ ಅನ್ನಿಸಿಕೊಳ್ಳುತ್ತಿದ್ದ. ಉದಾರತೆಯನ್ನು ಕಡ್ಡಾಯ ಮಾಡಿದರೆ ಅದರಲ್ಲಿ ಉದಾರತೆ ಉಳಿಯುವುದಿಲ್ಲ, ಇನ್ನೊಬ್ಬರ ಮೇಲೆ ಹೊರಿಸುವ ಸಾಲವಾಗುತ್ತದೆ. ಒಂದು ಗಳಿಗೆಯ ನ್ಯಾಯಕ್ಕೆ ವಿನಾಯಿತಿ ಸಾಕು, ಅದಕ್ಕೆ ನಿಯಮದ ಅಗತ್ಯವಿಲ್ಲ.

ಆದ್ದರಿಂದ ಮನೆ ನಿಯಮ ಮಾಡುವವರು ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಒಂದು ಪ್ರಸಂಗದ ಸಿಟ್ಟಿನಿಂದಲೋ ನಗುವಿನಿಂದಲೋ ಹುಟ್ಟಿದ್ದೇ? ಹಾಗಿದ್ದರೆ ಒಂದು ವಾರ ಕಾಯಿರಿ. ಈಗ ತೆಗೆದುಹಾಕುತ್ತಿರುವ ನಿಯಮ ಯಾರನ್ನು ಕಾಯುತ್ತಿತ್ತು? ಗೊತ್ತಿಲ್ಲದಿದ್ದರೆ ತೆಗೆಯಬೇಡಿ. ಹೊಸ ನಿಯಮದ ದಾರಿಯಲ್ಲಿ ಅತಿ ಹೆಚ್ಚು ಸಲ ಹಾದುಹೋಗಬೇಕಾದವರು ಯಾರು? ಅವರನ್ನೇ ಮೊದಲು ಕೇಳಿ, ಅದೂ ಆಟ ಶುರುವಾಗುವ ಮುಂಚೆ, ಬೇಡ ಅನ್ನುವ ದಾರಿ ತೆರೆದಿಟ್ಟು ಕೇಳಿ. ಜಾರಿಗೆ ತಂದ ಮೇಲೂ ಕೆಲವು ಆಟಗಳ ಮಟ್ಟಿಗೆ ಎಂದು ಗಡುವಿಟ್ಟು ಮತ್ತೊಮ್ಮೆ ಕೂತು ನೋಡಿ. ಕಾಂಪೌಂಡು ದಾಟಿದರೆ ಔಟು ಎಂಬ ನಿಯಮ ಈ ಎಲ್ಲ ಪರೀಕ್ಷೆಗಳಲ್ಲಿ ಪಾಸಾಗುತ್ತದೆ. ಟ್ರಯಲ್ ಬಾಲ್ ಮೂರನೇ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತದೆ, ಯಾಕೆಂದರೆ ಅದರಿಂದ ವಿಕೆಟ್ ಕಳೆದುಕೊಂಡ ಬೌಲರನ್ನು ಯಾರೂ ಕೇಳಿರಲಿಲ್ಲ.

ಆಟಕ್ಕೆ ಇಷ್ಟು ಶಿಸ್ತು ಯಾಕೆ ಬೇಕೆಂದರೆ, ನಿಯಮ ಮಾಡುವ ಮೊದಲ ಅಭ್ಯಾಸ ನಮಗೆ ಆಗುವುದೇ ಆಟದಲ್ಲಿ. ಓಣಿಯಲ್ಲಿ ಬ್ಯಾಟಿನ ಯಜಮಾನನಾಗಿದ್ದವನು ಮುಂದೆ ಅಪಾರ್ಟ್‌ಮೆಂಟ್ ಸಂಘದಲ್ಲೋ ಕಚೇರಿಯಲ್ಲೋ ಶಾಲೆಯ ಆಡಳಿತದಲ್ಲೋ ಕೂರುತ್ತಾನೆ. ಒಬ್ಬ ತಡವಾಗಿ ಬಂದನೆಂದು ನೂರು ಜನರಿಗೆ ಸಹಿಯ ಪುಸ್ತಕ ಇಡುವ, ಒಂದು ಮಗು ಬಿದ್ದಿತೆಂದು ಎಲ್ಲ ಮಕ್ಕಳ ಆಟದ ಬೆಲ್ಲನ್ನೇ ತೆಗೆದುಹಾಕುವ ನಿಯಮಗಳು ಅಲ್ಲಿಂದ ಬರುತ್ತವೆ. ಅಲ್ಲಿ ನಾಲ್ಕನೆಯವರಿಗೆ ಮುಂದಿನ ವಾರ ಕೆಲಸವಿದೆ ಎಂದು ತಪ್ಪಿಸಿಕೊಳ್ಳುವ ಅನುಕೂಲವೂ ಇರುವುದಿಲ್ಲ. ಚೌಕಾಬಾರದ ಮನೆಯ ಮುಂದೆ ತಪ್ಪು ಮಾಡಿದರೆ ಹಾಳಾಗುವುದು ಒಂದು ಮಧ್ಯಾಹ್ನ. ಬೆಲೆ ಅಷ್ಟು ಕಡಿಮೆ ಇರುವಾಗಲೇ ಯಾರ ಮೇಲೆ ಬರೆ ಬೀಳುತ್ತಿದೆ ಎಂದು ನೋಡುವುದನ್ನು ಕಲಿತುಬಿಡುವುದು ಲಾಭ.